ನನ್ನ ನಲವತ್ತನೆಯ ದಿನಕ್ಕೆ ಬಂದವರು

ಸ್ಯಾಂಡ್‌ವಿಕೆನ್, ಸ್ವೀಡನ್
ಸೋಮವಾರ, ೨೭ ಅಕ್ಟೋಬರ್ ೨೦೨೫

ಪ್ರೀತಿಯ ಮಗ ಶೋಯೆಬ್‌ಗೆ,

ನಿನ್ನ ಅಮ್ಮಿಯ ಸಲಾಮು, ತಲೆಯ ಮೇಲೆ ಕೈಯಿಟ್ಟು ಮಾಡಿದ ದುವಾ. ದುಬೈನಲ್ಲಿ ಕ್ಷೇಮವಾಗಿದ್ದೀಯಾ? ಬೆನ್ನುನೋವು ಹೇಗಿದೆ? ಎ.ಸಿ.ಯ ಗಾಳಿ ನೇರ ಬಡಿಯುವ ಕಡೆ ಮಲಗಬೇಡ, ಚಿಕ್ಕಂದಿನಿಂದಲೂ ನಿನಗೆ ಥಂಡಿ ಬೇಗ ಎದೆಗಿಳಿಯುತ್ತದೆ. ಇಲ್ಲಿ ಸೊಸೆ ಮಹ್ವಿಶ್, ಮೊಮ್ಮಗಳು ನೈನಾ ಚೆನ್ನಾಗಿದ್ದಾರೆ. ನೈನಾಳ ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ. ದಿನಕ್ಕೆ ಹತ್ತು ಸಲ ನನ್ನ ಬೆರಳು ಎಳೆದುಕೊಂಡು ಹೋಗಿ ಮುಟ್ಟಿಸುತ್ತಾಳೆ. ನನ್ನ ಆರೋಗ್ಯದ ಬಗ್ಗೆ ಮಾತ್ರ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬಿ.ಪಿ. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ. ಆದರೆ ನಾನು ಸತ್ತು ಇವತ್ತಿಗೆ ನಲವತ್ತೈದು ದಿನವಾಯಿತಂತೆ. ಸತ್ತವಳು ಮಾತ್ರೆ ನುಂಗುವುದು ದಂಡವಲ್ಲವೇನೋ?

ಈಗ ನಿನ್ನ ಮುಖ ಹೇಗಾಗಿರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಪತ್ರ ಬರೆಯುತ್ತಿರುವುದು. ಫೋನಿನಲ್ಲಾದರೆ ನೀನು "ಅಮ್ಮೀ, ಅದು ಹಾಗಲ್ಲ, ಸ್ವಲ್ಪ ಕೇಳು" ಎಂದು ಶುರುಮಾಡುತ್ತೀಯ, ನಾನು ಬೆಣ್ಣೆಯ ಹಾಗೆ ಕರಗುತ್ತೇನೆ. ಐದು ದಿನದಿಂದ ನನಗೆ ನೆಗಡಿ, ಮಲಗಿದ್ದೇನೆ ಎಂದು ಮಹ್ವಿಶ್ ಹೇಳಿದ್ದು ಸುಳ್ಳು. ನಿನ್ನ ದನಿ ಕೇಳುವ ಧೈರ್ಯ ನನಗಿರಲಿಲ್ಲ. ಈ ಹಾಳೆಗಳನ್ನು ಅವಳು ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ. ಭದ್ರಾವತಿಯ ಸರ್ಕಾರಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವಳ ಮಗ ನೀನು. ಕೈಬರಹ ಅರ್ಥವಾಗಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ಕಳೆದ ಬುಧವಾರ ಮಧ್ಯಾಹ್ನ ಮೂರು ಗಂಟೆ. ಮಹ್ವಿಶ್ ಯೆವ್ಲೆ ಪಟ್ಟಣದ ತನ್ನ ಔಷಧದಂಗಡಿಗೆ ಕೆಲಸಕ್ಕೆ ಹೋಗಿದ್ದಳು, ನೈನಾ ತನ್ನ ಶಿಶುವಿಹಾರ ದಾಗಿಸ್‌ನಲ್ಲಿದ್ದಳು. ನಾನೊಬ್ಬಳೇ ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ಗಡಿಯಾರದ ಮುಳ್ಳು ಮೂರರ ಮೇಲೆ ಬಂದದ್ದೂ ಕರೆಗಂಟೆ ಸದ್ದು ಮಾಡಿದ್ದೂ ಒಟ್ಟಿಗೇ ಆಯಿತು. ಈ ಊರಿನಲ್ಲಿ ಪಾರ್ಸೆಲ್ ತರುವವರನ್ನು ಬಿಟ್ಟು ಬೇರೆ ಯಾರೂ ಕರೆಗಂಟೆ ಒತ್ತುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲು ತೆಗೆದೆ. ಅರುವತ್ತು ದಾಟಿದ ಎತ್ತರದ ಮನುಷ್ಯರೊಬ್ಬರು ಕೈಯಲ್ಲಿ ಬಿಳಿ ಹೂಗಳನ್ನು ಹಿಡಿದು, ಟೋಪಿ ತೆಗೆದು ನಿಂತಿದ್ದರು. ಪಕ್ಕದಲ್ಲಿ ನಮ್ಮ ಕಡೆಯ ಒಬ್ಬಳು ಹುಡುಗಿ, ಅವಳ ಕೈಯಲ್ಲಿ ಒಂದು ಬೇಕರಿ ಪೊಟ್ಟಣ. ಇಬ್ಬರೂ ಆಗಲೇ ಬೂಟು ಕಳಚಿ ಬರೀ ಕಾಲುಚೀಲದಲ್ಲಿ ನಿಂತಿದ್ದರು.

ಆ ಹಿರಿಯರು ಈರುಳ್ಳಿಯಿಂದ ಕೆಂಪಾದ ನನ್ನ ಕಣ್ಣು ನೋಡಿದರು. ನೋಡಿದವರ ಕಣ್ಣೂ ತುಂಬಿಬಂತು. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ನಿಧಾನವಾದ ಇಂಗ್ಲಿಷಿನಲ್ಲಿ, ನಿಮ್ಮ ಮನೆಯ ಸಾವಿನ ದುಃಖದಲ್ಲಿ ನಾವೂ ಇದ್ದೇವೆ ಎಂದರು. ಶೋಯೆಬ್, ಸಾವು ಎಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ನೀನು. ದುಬೈ ರಸ್ತೆ, ಆ ವೇಗದ ಕಾರುಗಳು. "ಶೋಯೆಬ್?" ಎಂದು ಕಿರುಚಿದೆ. ಆ ಹುಡುಗಿ ತಟ್ಟನೆ ನನ್ನ ತೋಳು ಹಿಡಿದುಕೊಂಡು ಕನ್ನಡದಲ್ಲಿ ಹೇಳಿದಳು: "ಇಲ್ಲ ಇಲ್ಲ ಆಂಟಿ, ಶೋಯೆಬ್‌ಗೇನೂ ಆಗಿಲ್ಲ, ಗಾಬರಿ ಆಗ್ಬೇಡಿ! ಅವ್ರ ತಾಯಿ ತೀರ್ಕೊಂಡ್ರಲ್ಲ, ಇವತ್ತು ನಲವತ್ತನೇ ದಿನ ಅಂತ ಬಂದ್ವಿ. ನೀವು ಮಹ್ವಿಶ್ ಅವ್ರ ಅಮ್ಮಾನಾ?"

ಮೊದಲು ನಾನು ಅಲ್‌ಹಮ್ದುಲಿಲ್ಲಾ ಎಂದೆ, ಮಗ ಬದುಕಿದ್ದಾನಲ್ಲ ಎಂದು. ಆಮೇಲೆ ಸತ್ತವಳು ನಾನೇ ಎಂಬುದು ತಲೆಗೆ ಹೋಯಿತು. ಆ ಹುಡುಗಿಯ ಪ್ರಶ್ನೆ ಇನ್ನೂ ಅಲ್ಲೇ ನಿಂತಿತ್ತು. ಅಲ್ಲಮ್ಮಾ, ಸತ್ತವಳು ನಾನೇ, ಒಳಗೆ ಬನ್ನಿ ಎಂದು ಹೇಳಲೇ? ಹೇಳಿದರೆ ನಿನ್ನ ಗತಿಯೇನು ಎಂದು ಯೋಚಿಸುವುದರೊಳಗೆ ನನ್ನ ತಲೆ ತಾನಾಗಿಯೇ ಆಡಿಬಿಟ್ಟಿತು. ಹೌದು ಎಂದೆ. ನೀನು ಹೇಳಿದ್ದ ಸುಳ್ಳಿಗೆ ಮೊಹರು ಒತ್ತಿದವಳು ನಾನೇ. ಅದನ್ನು ಮುಚ್ಚಿಟ್ಟು ನಿನ್ನನ್ನು ಬೈಯುವ ಹಕ್ಕು ನನಗಿಲ್ಲ, ಅದಕ್ಕೇ ಮೊದಲೇ ಬರೆದುಬಿಟ್ಟೆ.

ಅವರು ನಿನ್ನ ಮ್ಯಾನೇಜರ್ ಗುನ್ನಾರ್. ಹುಡುಗಿ ನಿನ್ನ ತಂಡದ ಪಾವನಾ, ಬೆಂಗಳೂರಿನ ಬಸವೇಶ್ವರನಗರದವಳು. ನಮ್ಮಲ್ಲಿ ನಲವತ್ತನೆಯ ದಿನ ಫಾತಿಹಾ ಓದಿಸುತ್ತಾರೆ, ಬಂಧುಬಳಗ ಮನೆಗೆ ಬಂದು ಊಟ ಮಾಡಿ ಹೋಗುತ್ತಾರೆ ಎಂದು ನೀನು ಗುನ್ನಾರ್‌ಗೆ ಬರೆದಿದ್ದೆಯಂತಲ್ಲ. ಅಷ್ಟು ದಿನ ಊರಿನಿಂದಲೇ ಕೆಲಸ ಮಾಡಲು ಒಪ್ಪಿಗೆ ಬೇಕಿತ್ತು, ಅದಕ್ಕೇ ನೀನು ಹಾಗೆ ಬರೆದದ್ದು. ಇಲ್ಲಿಯ ಜನ ನಮ್ಮ ಹಾಗೆ ಹೂಂ ಎಂದು ಮರೆಯುವವರಲ್ಲ, ಮಗನೇ. ಅವರು ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನದ ಮೂರು ಗಂಟೆಯ ಫೀಕಾವನ್ನು, ಅದೇ ಕಾಫಿ ಬನ್ನಿನ ಬಿಡುವನ್ನು, ಆಫೀಸಿನಲ್ಲಿ ಕಳೆಯದೆ ನಮ್ಮ ಮನೆಗೆ ತಂದರು. ಕರೆಯದೆ ಹೋಗಬಹುದೇ ಎಂದು ಅವರಿಗೆ ಬಹಳ ಸಂಕೋಚವಿತ್ತಂತೆ. "ನಮ್ಮ ಕಡೆ ಸಾವಿನ ಮನೆಗೆ ಕರೀಲಿ ಅಂತ ಕಾಯಲ್ಲ ಅಂತ ನಾನೇ ಹೇಳ್ದೆ ಆಂಟಿ" ಎಂದಳು ಪಾವನಾ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ?

ಚಹಾ ಮಾಡಿದೆ. ಅವರು ತಂದ ದಾಲ್ಚಿನ್ನಿ ಬನ್ನುಗಳನ್ನು ತಟ್ಟೆಯಲ್ಲಿಟ್ಟೆ. ಹನ್ನೆರಡು ಜನ ಸಹಿ ಹಾಕಿದ ಕಾರ್ಡನ್ನು ಗುನ್ನಾರ್ ಮೇಜಿನ ಮೇಲೆ ನಿಲ್ಲಿಸಿದರು. ನನ್ನ ಸಾವಿಗೆ ಬಂದವರಿಗೆ ನಾನೇ ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದೆ. ಆಮೇಲೆ ಅವರು ಒಂದೊಂದಾಗಿ ಹೇಳುತ್ತಾ ಹೋದರು, ಒಂದೊಂದೂ ನನಗೆ ಹೊಸ ಸುದ್ದಿ. ನಿಮ್ಮ ಕಂಪನಿಯಲ್ಲಿ ಹೊರದೇಶದಲ್ಲಿ ಕೂತು ಕೆಲಸ ಮಾಡಲು ಬಿಡುವುದೇ ಇಲ್ಲವಂತೆ. ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆ ಎಂದು ನೀನು ಭಾರತಕ್ಕೆ ಹೊರಟೆಯಂತೆ. ಸೆಪ್ಟೆಂಬರ್ ಹದಿಮೂರನೇ ತಾರೀಕು ತಾಯಿ ಹೋದಳಂತೆ. ತಾಯಿ ಸತ್ತವನಿಗೆ ಇಲ್ಲ ಎನ್ನಲು ಮನಸ್ಸಾಗದೆ ಗುನ್ನಾರ್ ತಮ್ಮ ಮೇಲಿನವರ ಹತ್ತಿರ ಜಗಳವಾಡಿ ನಿನಗೆ ಒಪ್ಪಿಗೆ ಕೊಡಿಸಿದರಂತೆ. ನೀನೀಗ ಭದ್ರಾವತಿಯ ಮನೆಯಲ್ಲಿ ಒಬ್ಬನೇ ಕೂತು ತಾಯಿಯ ಸೀರೆಗಳನ್ನು ಬಡವರಿಗೆ ಹಂಚುತ್ತಿದ್ದೀಯಂತೆ. ನಾನು ಉಟ್ಟಿದ್ದ ಸೀರೆಯ ನೆರಿಗೆ ಮುಟ್ಟಿ ನೋಡಿಕೊಂಡೆ.

ಆ ಮನೆಯ ಹಜಾರವನ್ನು ಅವರು ದಿನಾ ಮೀಟಿಂಗಿನಲ್ಲಿ ನೋಡುತ್ತಾರಂತೆ, ನಿನ್ನ ಬೆನ್ನ ಹಿಂದೆ. ಹಸಿರು ಗೋಡೆ, ಶೋಕೇಸು, ಮೇಲೆ ಗಡಿಯಾರ. "ಆ ಗಡಿಯಾರ ಯಾವಾಗಲೂ ಹತ್ತೂ ಇಪ್ಪತ್ತರಲ್ಲೇ ನಿಂತಿರುತ್ತದೆ. ಸಾವಾದಾಗ ಗಡಿಯಾರ ನಿಲ್ಲಿಸುವುದು ನಿಮ್ಮಲ್ಲೂ ಪದ್ಧತಿಯೇ? ನನ್ನ ಅಜ್ಜಿಯ ಕಾಲದಲ್ಲಿ ನಮ್ಮಲ್ಲೂ ಹಾಗೇ ಮಾಡುತ್ತಿದ್ದರು" ಎಂದರು ಗುನ್ನಾರ್. ಮನೆ ನೆನಪಾಗುತ್ತಿದೆ, ಒಂದು ಫೋಟೊ ಕಳಿಸು ಎಂದು ನೀನು ಆಗಸ್ಟಿನಲ್ಲಿ, ನಾನು ಇಲ್ಲಿಗೆ ಹೊರಡುವ ಮುಂಚೆ, ನೌಶೀನ್‌ಗೆ ಹೇಳಿದ್ದು, ಪಾಪ ನಿನ್ನ ತಂಗಿ ಕುರ್ಚಿಯ ಮೇಲೆ ಹತ್ತಿ ಶೋಕೇಸಿನ ಧೂಳು ಹೊಡೆದು ಫೋಟೊ ತೆಗೆದದ್ದು, ಅಷ್ಟು ಹೊತ್ತೂ ನಾನು ಪಕ್ಕದಲ್ಲಿ ನಿಂತು ಅಣ್ಣನಿಗೆ ಎಷ್ಟು ಅಭಿಮಾನ ನೋಡು ಎಂದದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ಆಗ ಬೆಳಿಗ್ಗೆ ಹತ್ತೂ ಇಪ್ಪತ್ತು, ಆ ಫೋಟೊವನ್ನೇ ನೀನು ಮೀಟಿಂಗಿನ ಹಿನ್ನೆಲೆಗೆ ಹಾಕಿಕೊಂಡಿದ್ದೀಯ. ನಿನ್ನ ಪರದೆಯ ಮೇಲೆ ನಮ್ಮ ಮನೆಯ ಗಡಿಯಾರವೂ ನನ್ನ ಜೊತೆಗೇ ಸತ್ತಿದೆ. ಹೌದು, ನಮ್ಮಲ್ಲೂ ಪದ್ಧತಿಯೇ ಎಂದೆ. ಎರಡನೆಯ ಸುಳ್ಳು ಮೊದಲನೆಯದರಷ್ಟು ಕಷ್ಟವಾಗಲಿಲ್ಲ, ಅದೇ ಹೆದರಿಕೆ.

ಇಷ್ಟರಲ್ಲಿ ಗುನ್ನಾರ್ ಸೋಫಾದ ಮೇಲಿನ ಗೋಡೆಯಲ್ಲಿದ್ದ ನನ್ನ ನಿವೃತ್ತಿಯ ದಿನದ ಫೋಟೊ ಕಂಡರು. ಶಾಲು, ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಎದ್ದು ನಿಂತು ತಲೆ ಬಾಗಿಸಿದರು. ಪಾವನಾಳೂ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಕನ್ನಡಕ ಸರಿಮಾಡಿಕೊಂಡೆ. ಫೋಟೊದಲ್ಲಿರುವುದೂ ಇದೇ ಕನ್ನಡಕ. ಹುಡುಗಿ ಗೋಡೆ ನೋಡಿದಳು, ನನ್ನ ಮೂಗು ನೋಡಿದಳು, ತಲೆ ತಗ್ಗಿಸಿ ಬನ್ನಿನ ಮೇಲಿನ ಸಕ್ಕರೆ ಕೆರೆಯುತ್ತ ಕೂತಳು. ಹೊರಡುವಾಗ, ಏನಾದರೂ ಬೇಕಾದರೆ ಫೋನ್ ಮಾಡಿ ಎಂದು ನನ್ನ ನಂಬರು ತೆಗೆದುಕೊಂಡಳು. ಬೂಟು ಹಾಕಿಕೊಳ್ಳುತ್ತ ಬಗ್ಗಿದವಳು ಮೆಲ್ಲಗೆ, "ಆಂಟಿ, ನಂಗೇನೂ ಗೊತ್ತಿಲ್ಲ, ಬಿಡಿ" ಎಂದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಬಾರದ ಹುಡುಗನ ಪರವಾಗಿ ಇನ್ನೊಬ್ಬ "ಪ್ರೆಸೆಂಟ್ ಟೀಚರ್" ಎಂದು ಕೂಗಿದರೆ ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ಮಹೇಶನ ಪರವಾಗಿ ಕೂಗಿದ್ದಕ್ಕೆ ಏಳನೇ ತರಗತಿಯಲ್ಲಿ ನಿನ್ನನ್ನೂ ನಿಲ್ಲಿಸಿದ್ದೆ, ನೆನಪಿದೆಯಾ? ಅಂಥವಳ ಪರವಾಗಿ ಯಾರದೋ ಮನೆಯ ಹೆಣ್ಣುಮಗಳು ಸುಳ್ಳು ಹೊತ್ತುಕೊಂಡು ಹೋದಳು.

ನನ್ನನ್ನು ನಿಜವಾಗಿ ಕೊಂದದ್ದು ಗುನ್ನಾರ್ ಬಾಗಿಲಲ್ಲಿ ಹೇಳಿದ ಮಾತು. ಅವರ ತಾಯಿ ಮೂರು ವರ್ಷದ ಹಿಂದೆ ದೂರದ ಉತ್ತರದ ಲುಲೆಯೊದ ವೃದ್ಧಾಶ್ರಮವೊಂದರಲ್ಲಿ ತೀರಿಕೊಂಡರಂತೆ. ಆಗ ಅವರು ಯಾವುದೋ ಮೀಟಿಂಗಿನಲ್ಲಿದ್ದರಂತೆ. ಆಮೇಲೆ ಒಬ್ಬರೂ ಮನೆಗೆ ಬರಲಿಲ್ಲ, ಬರಬೇಕೆಂದು ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. "ನಿಮ್ಮ ಅಳಿಯ ಬರೆದದ್ದನ್ನು ಓದಿ, ಜನ ಮನೆಗೆ ಬರುವುದು ಎಷ್ಟು ಒಳ್ಳೆಯದು ಅನಿಸಿತು. ಅದಕ್ಕೇ ಬಂದೆ" ಎಂದರು. ಬರುವ ಶನಿವಾರ ಇಲ್ಲಿಯವರು ಸ್ಮಶಾನಗಳಿಗೆ ಹೋಗಿ ತಮ್ಮವರಿಗಾಗಿ ದೀಪ ಹಚ್ಚುವ ದಿನ. ಸಮಾಧಿ ದೂರದಲ್ಲಿರುವವರಿಗಾಗಿ ಅಲ್ಲೇ ಮರಗಳ ನಡುವೆ ಬೇರೆ ಜಾಗವಿದೆಯಂತೆ. ತಮ್ಮ ತಾಯಿಯ ದೀಪದ ಪಕ್ಕದಲ್ಲಿ ನಿನ್ನ ತಾಯಿಗೂ ಒಂದು ದೀಪ ಇಡುತ್ತಾರಂತೆ. ನಾನೂ ಮಹ್ವಿಶ್‌ಳೂ ನೈನಾಳೂ ಬರಬೇಕಂತೆ, ಮೂರು ಗಂಟೆಗೆ ಕಾರು ತರುತ್ತಾರಂತೆ.

ಅವರು ಹೋದ ಮೇಲೆ ಸೆಪ್ಟೆಂಬರ್ ಹದಿಮೂರರಂದು ನಾನು ಏನು ಮಾಡುತ್ತಿದ್ದೆ ಎಂದು ಫೋನಿನಲ್ಲಿ ಹುಡುಕಿದೆ. ಅಂದು ಶನಿವಾರ. ನೈನಾಳ ಜೊತೆ ಕಾಡಿನಲ್ಲಿ ಕೆಂಪು ಲಿಂಗೊನ್ ಹಣ್ಣು ಆರಿಸುತ್ತಿದ್ದೆ. ಬುಟ್ಟಿ ಹಿಡಿದು ನಗುತ್ತಿರುವ ಫೋಟೊ ನಿನಗೆ ಕಳಿಸಿದ್ದೆ. ನೀನು ತಕ್ಷಣ "ಅಮ್ಮಿ ಸೂಪರ್" ಎಂದು ಉತ್ತರ ಕೊಟ್ಟು ಹೆಬ್ಬೆರಳಿನ ಚಿತ್ರ ಒತ್ತಿದ್ದೆ. ಆಫೀಸಿಗೆ ನನ್ನ ಸಾವು ಬರೆದದ್ದು ಅದಕ್ಕೆ ಮುಂಚೆಯೋ ಆಮೇಲೆಯೋ? ಇದೊಂದು ಪ್ರಶ್ನೆಗೆ ಉತ್ತರ ಕೊಡು. ಬೇರೆ ಯಾವುದನ್ನೂ ನಾನು ಕೇಳುವುದಿಲ್ಲ.

ಮಹ್ವಿಶ್‌ಗೆ ನೀನು ದುಬೈನಲ್ಲಿರುವುದು ಗೊತ್ತಿತ್ತು, ಕಂಪನಿಗೆ ಗೊತ್ತಿಲ್ಲ ಎಂಬುದು ಗೊತ್ತಿರಲಿಲ್ಲ. ಸಂಜೆ ಬಂದವಳು ಕೋಟು ಕೂಡ ತೆಗೆಯದೆ ಬೂಟಿನ ಸ್ಟ್ಯಾಂಡಿನ ಮೇಲೆ ಕೂತು ಕೇಳಿದಳು. ಅಳಲಿಲ್ಲ. "ಅಮ್ಮೀ, ನಂದು ನೈನಾದು ಪರ್ಮಿಟ್ ಎಲ್ಲಾ ಅವರ ಕೆಲಸದ ಮೇಲೇ ನಿಂತಿರೋದು. ಜನವರೀಲಿ ರಿನ್ಯೂವಲ್ ಇದೆ. ಅಲ್ಲೀವರ್ಗೂ ಹೇಗಾದ್ರೂ ಸುಮ್ನಿರೋಣ" ಎಂದಳು. ಅವಳನ್ನು ನಾನು ಬೈಯಲಿಲ್ಲ. ನನಗೂ ಹಾಗೇ ಅನಿಸಿತ್ತು. ಡಿಸೆಂಬರಿನಲ್ಲಿ ವೀಸಾ ಮುಗಿದು ನಾನು ಊರಿಗೆ ಹೋಗುತ್ತೇನೆ, ಸತ್ತವಳು ಸತ್ತವಳಾಗಿಯೇ ಇರಲಿ, ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಆದರೆ ನಿನ್ನೆ ಮಹ್ವಿಶ್ ಮಗಳನ್ನು ಮುಂದೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಶನಿವಾರ ಅಬ್ಬಾನ ಆಫೀಸಿನ ತಾತ ಬರುತ್ತಾರೆ, ಅವರ ಮುಂದೆ ಅಬ್ಬಾನ ಅಮ್ಮಿ ಅಂತ ದಾದಿ ಅನ್ನಬಾರದು, ನನ್ನ ಅಮ್ಮಿ ಅಂತ ನಾನಿ ಅನ್ನಬೇಕು, ಆಯಿತಾ? ಮಗು ನನ್ನ ಮುಖ ನೋಡಿತು, ತಾಯಿಯ ಮುಖ ನೋಡಿತು, "ವಾರ್‌ಫೋರ್?" ಎಂದು ಕೇಳಿತು. ಅವಳ ಸ್ವೀಡಿಷ್‌ನಲ್ಲಿ ನನಗೆ ಅರ್ಥವಾಗುವ ಮಾತು ಅದೊಂದೇ, ದಿನಕ್ಕೆ ನೂರು ಸಲ ಕೇಳುತ್ತಾಳಲ್ಲ, ಯಾಕೆ ಎಂದು. ಮಹ್ವಿಶ್ ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಐದು ವರ್ಷದ ಮಗುವಿಗೆ ನಾವಿಬ್ಬರು ದೊಡ್ಡವರು ಸುಳ್ಳಿನ ಪಾಠ ಹೇಳಿಕೊಡುತ್ತಿದ್ದೆವು.

ನೀನು ಯಾಕೆ ಹೋದೆ ಎಂದು ಮಹ್ವಿಶ್ ಈಗ ಹೇಳಿದ್ದಾಳೆ. ಕಳೆದ ಜನವರಿಯಲ್ಲಿ, ಮಧ್ಯಾಹ್ನ ಮೂರಕ್ಕೇ ಕತ್ತಲಾದ ಹೊತ್ತಿನಲ್ಲಿ, ಅಡುಗೆಮನೆಯ ದೀಪಗಳನ್ನೆಲ್ಲ ಹಚ್ಚಿಕೊಂಡು ನೀನು ಅಳುತ್ತಾ ಕೂತಿದ್ದೆಯಂತೆ. ಒಂದು ದಿನವಲ್ಲ, ಎಷ್ಟೋ ದಿನ. ನನಗೆ ಗೊತ್ತಾಗಲೇ ಇಲ್ಲವಲ್ಲ ಮಗನೇ! ಫೋನಿನಲ್ಲಿ ನಗುತ್ತಿದ್ದೆ, ಹಿಮದ ಫೋಟೊ ಕಳಿಸುತ್ತಿದ್ದೆ. ದುಬೈನಲ್ಲಿ ನಿನ್ನ ಮುಖಕ್ಕೆ ಬಣ್ಣ ಬಂದದ್ದನ್ನು ನಾನೂ ನೋಡಿದ್ದೇನೆ. ಮೂವತ್ತೆರಡನೇ ಮಹಡಿಯ ಹಂಚಿಕೊಂಡ ಆಫೀಸು, ಕಿಟಕಿಯ ಕೆಳಗೆ ಈಜುಕೊಳ, ಐದು ಹೊತ್ತೂ ಕಿವಿಗೆ ಬೀಳುವ ಆಜಾನ್, ಸಂಜೆ ಮಂಗಳೂರಿನ ಹುಡುಗರ ಜೊತೆ ಪರೋಟ. ವಿಡಿಯೊದಲ್ಲಿ ಎಲ್ಲ ತೋರಿಸಿ, "ನೋಡಮ್ಮೀ, ನಿನ್ನ ಮಗ ಈಗ ಡಿಜಿಟಲ್ ಅಲೆಮಾರಿ" ಎಂದು ನಕ್ಕಿದ್ದೆ. ನಾನು ಕಂಡ ಅಲೆಮಾರಿಗಳು ಡೇರೆ ಕಿತ್ತು ಹೊರಡುವಾಗ ಮನೆಯ ಮುದುಕಿಯನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಹೂತು ಹೋಗುತ್ತಿರಲಿಲ್ಲ.

ಬಿಸಿಲು ಬೇಕು ಎಂದು ಕೇಳಲು ನಿನಗೆ ನಾಚಿಕೆಯಾಯಿತು, ಅಮ್ಮ ಸತ್ತಳು ಎಂದು ಹೇಳಲು ನಾಚಿಕೆಯಾಗಲಿಲ್ಲ. ಅದೇ ನನಗೆ ಅರಗುತ್ತಿಲ್ಲ. ನಿನ್ನ ಅಬ್ಬಾ ಕರೀಂ ಸಾಹೇಬರು ಹೋದಾಗ, ರಜೆಯಿಲ್ಲ ಅಮ್ಮೀ ಎಂದು ಐದನೆಯ ದಿನಕ್ಕೇ ವಿಮಾನ ಹತ್ತಿದವನು ನೀನು. ನನ್ನ ಸಾವಿಗೆ ಪೂರ್ತಿ ನಲವತ್ತು ದಿನ ಕೊಟ್ಟಿದ್ದೀಯ. ನಾಳೆ ನಾನು ನಿಜವಾಗಿ ಹೋದರೆ ಯಾವ ಬಾಯಿಂದ ರಜೆ ಕೇಳುತ್ತೀಯ? ತಾಯಿಯ ಸಾವಿಗೆ ಸಿಗುವ ರಜೆ ಒಂದೇ ಸಲ, ಮಗನೇ. ಅದನ್ನು ನೀನು ಖರ್ಚು ಮಾಡಿಬಿಟ್ಟಿದ್ದೀಯ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಆಟ ಇಲ್ಲಿಗೆ ಸಾಕು. ಶನಿವಾರದೊಳಗೆ ನೀನೇ ಗುನ್ನಾರ್‌ಗೆ ಫೋನ್ ಮಾಡಿ ಹೇಳಬೇಕು. ಹಜಾರದ ಫೋಟೊವನ್ನು ಬೆನ್ನ ಹಿಂದಿನಿಂದ ತೆಗೆದು, ನಿಜವಾಗಿ ಎಲ್ಲಿದ್ದೀಯೋ ಅಲ್ಲೇ ಕೂತು ಹೇಳು. ಕೆಲಸ ಹೋಗಬಹುದು, ಮಹ್ವಿಶ್ ಮತ್ತು ನೈನಾ ಈ ಊರು ಬಿಡಬೇಕಾಗಬಹುದು. ಅದು ನನಗೆ ಗೊತ್ತು. ಆದರೆ ನನ್ನ ಹೆಸರಿನ ದೀಪದ ಮುಂದೆ ನಾನೇ ನಿಂತು ಇನ್ನೊಬ್ಬರ ಕಣ್ಣೀರು ಸ್ವೀಕರಿಸುವುದು ನನ್ನಿಂದಾಗದು.

ಊಟ ಸರಿಯಾಗಿ ಮಾಡು. ನಿನ್ನ ಮೇಲೆ ಕೋಪವಿದೆ, ಬಹಳ ಇದೆ, ಆದರೆ ನಮಾಜಿನಲ್ಲಿ ಕೈಯೆತ್ತಿದರೆ ಮೊದಲು ಬರುವುದು ನಿನ್ನ ಹೆಸರೇ. ಅಲ್ಲಾಹ್ ನಿನಗೆ ನಿಜ ಹೇಳುವ ನಾಲಿಗೆಯನ್ನೂ ಸಾಕಷ್ಟು ಬೆಳಕನ್ನೂ ಕೊಡಲಿ.

ನಿನ್ನನ್ನು ಹೆತ್ತ, ಇನ್ನೂ ಉಸಿರಾಡುತ್ತಿರುವ
ಅಮ್ಮಿ
ಶರ್ಫುನ್ನೀಸಾ

ತಾ.ಕ.: ಸಹಿ ಹಾಕಿ ಪೆನ್ನು ಮುಚ್ಚುವುದರೊಳಗೆ ಗುನ್ನಾರ್ ಫೋನ್ ಬಂತು. ಪಾವನಾಳಿಂದ ನಂಬರು ತೆಗೆದುಕೊಂಡಿದ್ದರಂತೆ. ದೀಪದ ಗಾಜಿನ ಮೇಲೆ ಹೆಸರು ಬರೆಸುತ್ತಿದ್ದಾರೆ, ತಪ್ಪಾಗಬಾರದು, ನಿಮ್ಮ ಬೀಗಿತ್ತಿಯ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಎಂದರು. ಹೇಳಿದೆ. ಅವರು ಬರೆದುಕೊಂಡು, ಸರಿಯಿದೆಯೇ ನೋಡಿ ಎಂದು ಗಟ್ಟಿಯಾಗಿ ಓದಿದರು: "ಶರ್ಫುನ್ನೀಸಾ?" ಮೂವತ್ತನಾಲ್ಕು ವರ್ಷ ಬೇರೆಯವರ ಹೆಸರು ಕೂಗಿದವಳು ನಾನು, ನನ್ನ ಹೆಸರನ್ನು ಹಾಗೆ ಯಾರೂ ಕೂಗಿರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದರು. "ಪ್ರೆಸೆಂಟ್" ಎಂದೆ. ಆಮೇಲೆ ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ, ಜನವರಿಯ ಕತ್ತಲೆಯನ್ನೂ ಹೇಳಿದೆ. ಪಾವನಾಳ ಮಾತು ಎತ್ತಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಹಾಗಾದರೆ ನೀವು ಬದುಕಿದ್ದೀರಿ" ಎಂದರು. ಆ ದನಿಯಲ್ಲಿ ಕೋಪವಿರಲಿಲ್ಲ, ಅದೇ ತಡೆಯಲಾಗಲಿಲ್ಲ. ಶನಿವಾರ ನನ್ನನ್ನು ಕರೆದುಕೊಂಡು ಹೋಗುತ್ತಾರೆ, ಅವರ ತಾಯಿಯ ದೀಪ ನಾನು ಹಚ್ಚಬೇಕಂತೆ. ನಿನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದು ಶೋಯೆಬ್ ತಾನೇ ತಮ್ಮ ಹತ್ತಿರ ಮಾತಾಡಬೇಕಾದದ್ದು ಎಂದರು. ನಾಳೆ ಬೆಳಿಗ್ಗೆ ಇಲ್ಲಿಯ ಒಂಬತ್ತು ಗಂಟೆಗೆ ನಿನಗೆ ಫೋನ್ ಮಾಡುತ್ತಾರೆ. ನಿನ್ನ ಹೆಸರು ಕೂಗಿದಾಗ ನೀನೇ ಓಗೊಡು.